ಕೆಳಗಿನ ಹಲ್ಲಿನ ಸೆಟ್ಟು ನಿಲ್ಲುತ್ತಿಲ್ಲ. ಇಂಪ್ಲಾಂಟ್ ಹಾಕಿಸಲೋ, ಹೊಸ ಸೆಟ್ಟು ಕಟ್ಟಿಸಲೋ?

ಶಕುನಿ_ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ವಯಸ್ಸು 67. ಊರು ಕುಂದಾಪುರದ ಹತ್ತಿರ, ಇರುವುದು ಡೊಂಬಿವಲಿ ಈಸ್ಟ್. ಫೋರ್ಟಿನ ಒಂದು ಆಫೀಸಿನಲ್ಲಿ 31 ವರ್ಷ ಕ್ಯಾಂಟೀನ್ ನಡೆಸಿದೆ. ಈಗ ಇರುವ ಕೆಲಸ ಎರಡೇ. ಬೆಳಿಗ್ಗೆ ಹಾಲು ತರುವುದು, ಶನಿವಾರ ಭಾನುವಾರ ಎಲ್ಲಾದರೂ ತಾಳಮದ್ದಳೆ ಇದ್ದರೆ ಹೋಗಿ ಅರ್ಥ ಹೇಳುವುದು. ಶಕುನಿ, ಮಂಥರೆ, ಇಂಥವೇ ನನ್ನ ಪಾಲಿಗೆ ಬರುತ್ತವೆ. ಮುಖ ನೋಡಿ ಕೊಡುತ್ತಾರೋ ಏನೋ.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಮೇಲಿನವು ಪೂರ್ತಿ ಹೋಗಿ ಎರಡು ವರ್ಷ ಆಯಿತು. 40 ವರ್ಷ ಎಲೆ ಅಡಿಕೆ, ಅದರಲ್ಲಿ 25 ವರ್ಷ ಹೊಗೆಸೊಪ್ಪು ಬೇರೆ. ಈಗ ಎಲ್ಲ ಬಿಟ್ಟಿದ್ದೇನೆ. ಬೈಯುವವರು ಸಾಲಾಗಿ ನಿಲ್ಲಿ, ಮೊದಲ ನಂಬರು ಹೆಂಡತಿಯದು. ಮೇಲೆ ಕಟ್ಟಿಸಿದ ಸೆಟ್ಟು ಚೆನ್ನಾಗಿ ಕೂತಿದೆ. ಕೆಮ್ಮಿದರೂ ಅಲ್ಲಾಡುವುದಿಲ್ಲ. ಅದರ ಮೇಲೆ ನನಗೇನೂ ದೂರಿಲ್ಲ.

ಕೆಳಗೆ ನನ್ನವೇ ನಾಲ್ಕು ಉಳಿದಿವೆ. ಎರಡು ಕೋರೆಹಲ್ಲು, ನಡುವೆ ಎರಡು ಸಣ್ಣವು. ಸಣ್ಣವು ನಾಲಿಗೆ ತಾಗಿದರೂ ಅಲ್ಲಾಡುತ್ತವೆ. ಕೋರೆಹಲ್ಲು ಗಟ್ಟಿ ಇರುವ ಹಾಗೆ ನನಗೆ ಕಾಣುತ್ತದೆ. ಉಳಿದ ಜಾಗಕ್ಕೆ ತಂತಿಯಲ್ಲಿ ಸಿಕ್ಕಿಸುವ ಸೆಟ್ಟು. ನಮ್ಮ ಬಿಲ್ಡಿಂಗಿನ ಮರಾಠಿಯವರು ಕವಳಿ ಅನ್ನುತ್ತಾರಲ್ಲ, ಅದರ ಅರ್ಧ. ತೊಂದರೆ ಪೂರ್ತಿ ಅದರದ್ದೇ. ಎಡಗಡೆ ಕಚ್ಚಿದರೆ ಬಲಗಡೆ ಏಳುತ್ತದೆ. ಸೆಟ್ಟಿನ ಅಡಿಯಲ್ಲಿ ಒಂದು ಎಳ್ಳು ಸಿಕ್ಕಿಕೊಂಡರೆ ಸಾಕು, ಕಣ್ಣಲ್ಲಿ ನೀರು.

ಕಳೆದ ತಿಂಗಳು ಮುಲುಂಡಿನ ಒಂದು ಹಾಲ್‌ನಲ್ಲಿ ಕೂಟ ಇತ್ತು. ಜೂಜಿನ ಸನ್ನಿವೇಶ. ಧರ್ಮರಾಯನಿಗೆ "ಸೋತವರು ಸೋತೆ ಅನ್ನಬೇಕು ಸ್ವಾಮಿ" ಅಂತ ಶುರು ಮಾಡಿದೆ ನೋಡಿ, ಕೆಳಗಿನದು ಎಡಗಡೆಯಿಂದ ಎದ್ದೇ ಬಿಟ್ಟಿತು. ನಾಲಿಗೆಯಿಂದ ಒತ್ತಿ ಹಿಡಿದೆ. ಮುಂದಿನ ಮೂರು ಮಾತು "ಥೋತವರು ಥೋತೆ" ಅಂತಲೇ ಬಂತು. ಜನ ಬಿದ್ದು ಬಿದ್ದು ನಕ್ಕರು. ಭಾಗವತರಿಗೆ ಮಾತ್ರ ಗೊತ್ತಾಯಿತು, ಗಬಕ್ಕನೆ ಮುಂದಿನ ಪದ್ಯ ಎತ್ತಿಕೊಂಡು ಕಾಪಾಡಿದರು. ಮುಗಿದ ಮೇಲೆ ಒಬ್ಬ ಹುಡುಗ ಬಂದು "ಮಾಮ, ಆ ತೊದಲು ಶಕುನಿ ಸೂಪರ್, ಮುಂದಿನ ಸಲನೂ ಹಾಗೇ ಮಾಡಿ" ಅಂದ. ಆವತ್ತು ರಾತ್ರಿ ಲೋಕಲ್‌ನಲ್ಲಿ ಸೆಟ್ಟು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು, ಯಾರ ಹತ್ತಿರವೂ ಮಾತಾಡದೆ ಬಂದೆ.

ಮಗ ಪುಣೆಯಲ್ಲಿದ್ದಾನೆ. ವಿಷಯ ಕೇಳಿ ಬಂದವನೇ ಸ್ಟೇಷನ್ ಹತ್ತಿರದ ಒಂದು ದೊಡ್ಡ ಏಸಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ಹತ್ತು ನಿಮಿಷ ನೋಡಿದರು. ಆಮೇಲೆ ಲ್ಯಾಪ್‌ಟಾಪ್ ಹಿಡಿದ ಒಬ್ಬ ಹುಡುಗಿ ಅರ್ಧ ಗಂಟೆ ಮಾತಾಡಿದಳು. ಉಳಿದ ನಾಲ್ಕನ್ನೂ ಕಿತ್ತು, ಮೇಲೆ ನಾಲ್ಕು ಕೆಳಗೆ ನಾಲ್ಕು ಇಂಪ್ಲಾಂಟ್, ಅಂದರೆ ದವಡೆಯ ಎಲುಬಿಗೇ ಕೂರಿಸುವ ಸ್ಕ್ರೂ, ಹಾಕಿ, ಬಿಚ್ಚುವ ರಗಳೆಯೇ ಇಲ್ಲದ ಹಲ್ಲು ಕೂರಿಸುತ್ತಾರಂತೆ. 6,20,000 ರೂಪಾಯಿ. ಇವತ್ತೇ 5,000 ಕಟ್ಟಿದರೆ ಡಿಸ್ಕೌಂಟು, ಉಳಿದದ್ದು ಇಎಂಐ. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮಗ ಫೋನಿನಿಂದ ಕಟ್ಟಿಬಿಟ್ಟಿದ್ದ. ನಮ್ಮ ಗಲ್ಲಿಯ ಹಳೇ ಡಾಕ್ಟರು "ಸುಮ್ನೆ ಕೆಳಗಿನದು ಹೊಸದು ಮಾಡಿಸಿಕೊಳ್ಳಿ, 14,000" ಅನ್ನುತ್ತಾರೆ.

ಶುಗರ್ ಇದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.2. ಹೃದಯಕ್ಕೆ ಸ್ಟೆಂಟ್ ಹಾಕಿ ನಾಲ್ಕು ವರ್ಷ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಇಂಥವನಿಗೆ ಸ್ಕ್ರೂ ಹಾಕಬಹುದಾ? ಹಾಕಿದರೆ ಆಯುಷ್ಯ ಪೂರ್ತಿ ಬರುತ್ತದಾ? ಯಾವುದರಲ್ಲಿ ಮಾತು ಸ್ಪಷ್ಟ ಬರುತ್ತದೆ? ಇನ್ನೊಂದು, ಕೋರಿ ರೊಟ್ಟಿ. ಸಾರು ಹಾಕಿದ ಮೇಲೆ ಅರ್ಧ ನೆಂದು ಅರ್ಧ ಗರಿಗರಿ ಇರುವಾಗಲೇ ಬಾಯಿಗೆ ಹೋಗಬೇಕು. ಪೂರ್ತಿ ನೆನೆಸಿ ತಿನ್ನುವುದಾದರೆ ಗಂಜಿ ಏನು ತಪ್ಪು ಮಾಡಿತ್ತು?

ಕಡಲೆಯ ಗಾದೆ ಮಾತ್ರ ಯಾರೂ ಹೇಳಬೇಡಿ. ಕೇಳಿ ಕೇಳಿ ಸಾಕಾಗಿದೆ.

ಬೊರಿವಲಿ_ಸ್ಲೋ

ಹಲ್ಲಿದ್ದಾಗ ಕಡಲೆ... ಸಾರಿ ಮಾಮ, ತಡೆಯಲಾಗಲಿಲ್ಲ.

ನಿಜವಾಗಿ ಹೇಳುವುದು ಇದು. 14,000 ಕೂಡ ಕಷ್ಟ ಅನ್ನುವವರು ಈ ಥ್ರೆಡ್ ಓದುತ್ತಿದ್ದರೆ, ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜಿದೆ. ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜಿದೆ. ಅಪ್ಪನಿಗೆ ಪೂರ್ತಿ ಸೆಟ್ಟು ಇಂಥ ಕಡೆಯೇ ಮಾಡಿಸಿದ್ದು. ಮಾಡುವವರು ಕಲಿಯುವ ಹುಡುಗರು, ಪ್ರತಿ ಹಂತದಲ್ಲೂ ಅವರ ಸರ್ ಬಂದು ನೋಡುತ್ತಾರೆ. ಏಳು ಸಲ ಓಡಾಡಿದೆವು. ಖರ್ಚು ಕಮ್ಮಿ, ಕಾಯುವುದು ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ.

ಮೇಣದ_ಕೈ

ನಾನು ಡಾಕ್ಟರಲ್ಲ. ದಾದರಿನಲ್ಲಿ ಡೆಂಟಲ್ ಲ್ಯಾಬಿನಲ್ಲಿ 28 ವರ್ಷ ಹಲ್ಲು ಕಟ್ಟಿದವನು. ಊರು ಧಾರವಾಡ. ಬಾಯಿ ನೋಡಿದ್ದು ಕಮ್ಮಿ, ಅಚ್ಚು ನೋಡಿದ್ದು ಸಾವಿರಾರು.

ಮಾಮ, ಮೇಲಿನದು ಕೂರುತ್ತದೆ, ಕೆಳಗಿನದು ಏಳುತ್ತದೆ ಅನ್ನುವುದು ನಿಮ್ಮೊಬ್ಬರ ಹಣೆಬರಹ ಅಲ್ಲ. ಮೇಲಿನ ಸೆಟ್ಟು ಬಾಯಿಯ ಮೇಲಿನ ಅಂಗಳವನ್ನೆಲ್ಲ ಮುಚ್ಚಿಕೊಂಡು, ನಡುವೆ ಎಂಜಲಿನ ತೆಳು ಪದರ ಇಟ್ಟುಕೊಂಡು ಅಂಟಿ ನಿಲ್ಲುತ್ತದೆ. ಎರಡು ಗಾಜು ಒದ್ದೆ ಮಾಡಿ ಒಂದರ ಮೇಲೊಂದು ಇಟ್ಟರೆ ಬಿಡಿಸಲು ಬರುವುದಿಲ್ಲವಲ್ಲ, ಹಾಗೆ. ಕೆಳಗಿನದು ಕುದುರೆ ಲಾಳದ ಆಕಾರ. ಸಿಗುವ ಜಾಗ ಮೇಲಿನದರ ಅರ್ಧದಷ್ಟು. ಒಳಗೆ ನಾಲಿಗೆ ತಳ್ಳುತ್ತದೆ, ಹೊರಗೆ ಕೆನ್ನೆ ಎಳೆಯುತ್ತದೆ. ಹಲ್ಲು ಹೋದ ಜಾಗದಲ್ಲಿ ದವಡೆಯ ಎಲುಬು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಕೆಳಗೆ ಇನ್ನೂ ಜಾಸ್ತಿ. ಕೆಲವರ ಅಚ್ಚು ಬಂದರೆ ದಿಬ್ಬವೇ ಇರುವುದಿಲ್ಲ, ತಟ್ಟೆ ಹಾಗೆ ಸಪಾಟು. ಅಂಥದ್ದರ ಮೇಲೆ ಬ್ರಹ್ಮ ಬಂದು ಕಟ್ಟಿದರೂ ತೇಲುತ್ತದೆ.

ನಿಮ್ಮ ಮಾತಿನ ವಿಷಯ. ಏನೇ ಮಾಡಿಸಿ, ಮೇಣದ ಟ್ರಯಲ್ ದಿನ ಬಿಡಬೇಡಿ. ಅಂತಿಮ ಸೆಟ್ಟು ಮಾಡುವ ಮೊದಲು ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಕಳಿಸಿರುತ್ತೇವೆ. ಬಹಳ ಜನ ಅದನ್ನು ಬಾಯಲ್ಲಿಟ್ಟು, ಕನ್ನಡಿ ನೋಡಿ, "ಓಕೆ, ಇನ್ನೂ ಸ್ವಲ್ಪ ಬಿಳಿ ಇರಲಿ" ಅಂದು ಎದ್ದುಬಿಡುತ್ತಾರೆ. 70 ವರ್ಷದವರಿಗೆ 20 ವರ್ಷದ ಹುಡುಗನ ಬಿಳುಪು ಬೇಕು. ಹಾಕಿಕೊಂಡು ನಕ್ಕರೆ ಟ್ಯೂಬ್‌ಲೈಟ್. ಇರಲಿ. ನೀವು ಆ ದಿನ ಕುರ್ಚಿಯಲ್ಲೇ ಕೂತು ಶಕುನಿಯ ಅರ್ಥ ಹೇಳಿ. ನಾಚಿಕೆ ಬೇಡ. "ಸ" ಹೇಳುವಾಗ ಮೇಲಿನ ಕೆಳಗಿನ ಹಲ್ಲು ಹತ್ತಿರ ಬರಬೇಕು, ಮುಟ್ಟಬಾರದು. ಮುಟ್ಟಿ ಟಕ್ ಟಕ್ ಅಂದರೆ ಎತ್ತರ ಜಾಸ್ತಿ ಆಗಿದೆ ಅಂತ ಲೆಕ್ಕ. "ಫ", "ವ" ಹೇಳುವಾಗ ಮೇಲಿನ ಮುಂದಿನ ಹಲ್ಲು ಕೆಳತುಟಿಗೆ ಮೆಲ್ಲಗೆ ತಾಗಬೇಕು. ಮೇಣದಲ್ಲಿ ಇರುವಾಗ ಬಿಸಿ ಚಾಕು ತಾಗಿಸಿ ಒಂದು ಹಲ್ಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುವುದು ಐದು ನಿಮಿಷದ ಕೆಲಸ. ಅಕ್ರಿಲಿಕ್ ಹಾಕಿ ಬೇಯಿಸಿದ ಮೇಲೆ ಉಜ್ಜುವುದು ಬಿಟ್ಟರೆ ದಾರಿ ಇಲ್ಲ.

ಮತ್ತೆ, ಸೆಟ್ಟನ್ನು ಜೇಬಿನಲ್ಲಿ ಇಡಬೇಡಿ ಮಾರಾಯರೇ. ಒಂದು ಡಬ್ಬಿ ಇಟ್ಟುಕೊಳ್ಳಿ, ಒಳಗೆ ನೀರು. ಒಣಗಿದರೆ ಅದರ ಆಕಾರ ಕೆಡುತ್ತದೆ. ಕುದಿಯುವ ನೀರಿಗೂ ಹಾಕಬೇಡಿ, ಸೊಟ್ಟಗಾಗುತ್ತದೆ. ತೊಳೆಯುವಾಗ ಬೇಸಿನ್‌ಗೆ ಅರ್ಧ ನೀರು ತುಂಬಿಸಿ. ಕೈಜಾರಿ ಬಿದ್ದು ಎರಡಾದ ಸೆಟ್ಟುಗಳೇ ನಮ್ಮ ಲ್ಯಾಬಿನ ಅರ್ಧ ಬಾಡಿಗೆ ಕಟ್ಟುತ್ತಿದ್ದವು.

ಕೋಥ್ರೂಡ್_ಅಕ್ಕ

ನಾನು ಇಂಪ್ಲಾಂಟ್ ಪಾರ್ಟಿ. ಬಲಗಡೆ ಕೆಳಗೆ ಒಂದು ದವಡೆ ಹಲ್ಲು ಹೋಗಿತ್ತು, ಅಕ್ಕಪಕ್ಕದವು ಗಟ್ಟಿ. ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲಿನ ಆಧಾರದಲ್ಲಿ ಕೂರಿಸುವ ಹಲ್ಲು, ಮಾಡಿಸಿದರೆ ಆ ಒಳ್ಳೆಯ ಎರಡನ್ನೂ ಅರೆಯಬೇಕು. ಅದಕ್ಕೆ ಇಂಪ್ಲಾಂಟ್ ಹಾಕಿಸಿದೆ. ಪುಣೆಯಲ್ಲಿ 38,000 ಆಯಿತು. ಸ್ಕ್ರೂ ಹಾಕಿದ್ದು ಗೊತ್ತೇ ಆಗಲಿಲ್ಲ, ಕಿತ್ತಾಗಲೇ ಜಾಸ್ತಿ ನೋವಿತ್ತು. ಆಮೇಲೆ ಮೂರೂವರೆ ತಿಂಗಳು ಎಲುಬು ಹಿಡಿಯಲಿ ಅಂತ ಕಾದು, ಮೇಲೆ ಕ್ಯಾಪ್ ಕೂರಿಸಿದರು. ಈಗ ಆರು ವರ್ಷ. ಶೇಂಗಾ ಹೋಳಿಗೆ, ಚಕ್ಕುಲಿ, ಎಲ್ಲ ನಡೆಯುತ್ತದೆ. ಮೆಡಿಕ್ಲೇಮ್‌ನವರು ಒಂದು ಪೈಸೆ ಕೊಡಲಿಲ್ಲ. ಅಪಘಾತದಲ್ಲಿ ಹಲ್ಲು ಹೋದರೆ ಮಾತ್ರ ಅಂದರು.

ಆದರೆ ನಮ್ಮ ಅತ್ತೆಯವರ ಕಥೆಯೂ ಕೇಳಿ. 72 ವರ್ಷ. ಎಲ್ಲ ಹಲ್ಲಿಗೂ ಇಂಪ್ಲಾಂಟ್ ಅಂತ ಹೊರಟಿದ್ದೆವು, ತಾರೀಖೂ ಕೊಟ್ಟಾಗಿತ್ತು. ಹಿಂದಿನ ದಿನ ಔಷಧಿ ಚೀಟಿ ಎಲ್ಲ ಜೋಡಿಸುತ್ತಾ ಕೂತಿದ್ದಾಗ, ಮೂಳೆ ಸವೆತಕ್ಕೆ ಅವರಿಗೆ ವರ್ಷಕ್ಕೊಂದು ಇಂಜೆಕ್ಷನ್ ಕೊಡುತ್ತಿದ್ದದ್ದು ನೆನಪಾಯಿತು. ಜೊಲೆಡ್ರೋನಿಕ್ ಆಸಿಡ್. ಫೋನ್ ಮಾಡಿ ಹೇಳಿದರೆ ಆ ಕಡೆ ಒಂದು ನಿಮಿಷ ಮೌನ. ಆ ಔಷಧಿ ತಗೊಂಡವರಲ್ಲಿ ಹಲ್ಲು ಕಿತ್ತ ಮೇಲೆ, ಸ್ಕ್ರೂ ಹಾಕಿದ ಮೇಲೆ ದವಡೆ ಎಲುಬು ಮಾಯದೆ ಕೊಳೆಯುವ ಅಪಾಯ ಇರುತ್ತದಂತೆ. ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೆ ಯಾರೂ ಕೇಳಿಯೇ ಇರಲಿಲ್ಲ! ಫಾರ್ಮಿನಲ್ಲಿ ಶುಗರ್, ಬಿಪಿ ಅಂತ ಎರಡು ಚೌಕ ಇತ್ತು, ಅಷ್ಟೇ. ಈಗ ಅತ್ತೆ ಸೆಟ್ಟಿನಲ್ಲೇ ಇದ್ದಾರೆ. ಭಾಕರಿಯನ್ನು ಆಮಟಿಯಲ್ಲಿ ಚೂರಿ ಹಾಕಿಕೊಂಡು ಆರಾಮ.

ಮಾಮ, ನಿಮ್ಮ ಮಗ ಪ್ರೀತಿಯಿಂದಲೇ ಕಟ್ಟಿರುತ್ತಾನೆ, ಬೈಯಬೇಡಿ. ಆದರೆ ಆ 5,000 ವಾಪಸ್ ಕೇಳಿ.

ಠಾಣೆಯ_ದಂತವೈದ್ಯೆ

ಶಕುನಿ ಅಂಕಲ್, ಬಾಯಿ ನೋಡದೆ ತೀರ್ಪು ಕೊಡಲಾರೆ. ನೀವು ಬರೆದದ್ದರಲ್ಲಿ ಒಂದು ಮಾತು ಹಿಡಿದುಕೊಂಡು ಕೂತಿದ್ದೇನೆ. ಕೋರೆಹಲ್ಲು ಎರಡು ಗಟ್ಟಿ ಇವೆ ಅಂದಿರಿ. ಹಾಗಾದರೆ ಅವನ್ನು ಯಾಕೆ ಕೀಳಬೇಕು?

ಕೆಳ ದವಡೆಗೆ ಹಲ್ಲೇ ಇಲ್ಲದವರಿಗೆ ನಾವು ಸಾಮಾನ್ಯವಾಗಿ ಹೇಳುವುದು ಹೀಗೆ. ಮುಂಭಾಗದಲ್ಲಿ, ಕೋರೆಹಲ್ಲು ಇರುವ ಜಾಗದಲ್ಲೇ, ಎರಡು ಇಂಪ್ಲಾಂಟ್ ಹಾಕಿ. ಅದರ ಮೇಲೆ ಟಿಚ್‌ಬಟನ್ ಹಾಗೆ ಕೂರುವ ಸೆಟ್ಟು ಹಾಕಿ. ರಾತ್ರಿ ಬಿಚ್ಚಬಹುದು, ಹಗಲು ಏಳುವುದಿಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಸೇರಿದ ತಜ್ಞರು ಕೆಳ ದವಡೆಗೆ ಬರೀ ಸೆಟ್ಟಿಗಿಂತ ಇದೇ ಮೊದಲ ಆಯ್ಕೆ ಆಗಬೇಕು ಅಂದರು. ಎಂಟು ಬೇಡ, ಎರಡು. ಆ ಜಾಗದಲ್ಲಿ ಎಲುಬು ಕೊನೆಯವರೆಗೂ ಉಳಿಯುತ್ತದೆ, ತುಟಿಗೆ ಹೋಗುವ ನರವೂ ಹಿಂದೆ ಉಳಿದುಕೊಳ್ಳುತ್ತದೆ.

ನಿಮಗೆ ಆ ಜಾಗದಲ್ಲಿ ದೇವರು ಕೊಟ್ಟ ಎರಡು ಬೇರು ಆಗಲೇ ಇವೆ! ಅವು ನಿಜವಾಗಿ ಗಟ್ಟಿ ಇದ್ದರೆ ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ಕತ್ತರಿಸಿ, ಗುಂಡಗೆ ನಯ ಮಾಡಿ, ಅದರ ಮೇಲೆ ಕೂರುವ ಹಾಗೆ ಸೆಟ್ಟು ಕಟ್ಟಬಹುದು. ಬೇರು ಒಳಗಿರುವವರೆಗೆ ಸುತ್ತಲಿನ ಎಲುಬೂ ಉಳಿಯುತ್ತದೆ. ಕಚ್ಚಿದ್ದು ಎಷ್ಟು ಗಟ್ಟಿ ಅನ್ನುವ ಅಂದಾಜೂ ಸಿಗುತ್ತದೆ. ಹಳೇ ವಿದ್ಯೆ ಇದು. ಕಷ್ಟ ಏನು ಅಂದರೆ, ದಿನಾ ಸೆಟ್ಟು ತೆಗೆದು ಆ ಬೇರುಗಳನ್ನು ತಿಕ್ಕಬೇಕು, ಫ್ಲೋರೈಡ್ ಹಚ್ಚಬೇಕು. ಇಲ್ಲದಿದ್ದರೆ ಒಂದೆರಡು ವರ್ಷದಲ್ಲೇ ಹುಳುಕಾಗುತ್ತವೆ. ಹಾಗೆ ಹೋದರೂ ಅದೇ ಜಾಗಕ್ಕೆ ಇಂಪ್ಲಾಂಟ್ ಯೋಚಿಸುವ ದಾರಿ ತೆರೆದಿರುತ್ತದೆ. ಕಿತ್ತ ಹಲ್ಲನ್ನು ಮತ್ತೆ ನೆಡಲು ಆಗುವುದಿಲ್ಲ ಅಲ್ವಾ?

"ಆಯುಷ್ಯ ಪೂರ್ತಿ ಬರುತ್ತದಾ" ಅಂತ ಕೇಳಿದ್ದೀರಿ. ಸ್ವೀಡನ್ನಿನ ಸಂಶೋಧಕ ಬ್ರೊನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ಇಟ್ಟಿದ್ದ ಟೈಟಾನಿಯಂ ಕೊಳವೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಎಲುಬು ಹಿಡಿದುಕೊಂಡಿತ್ತು. ಎಲ್ಲ ಶುರುವಾದದ್ದು ಅಲ್ಲಿಂದ. 1965ರಲ್ಲಿ ಅವರು ಮೊದಲ ರೋಗಿಗೆ ಹಾಕಿದ ಇಂಪ್ಲಾಂಟ್‌ಗಳು ಆತ 2006ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡುತ್ತಿದ್ದವು. ಹಾಗಂತ ಅದು ನಿಮ್ಮ ಗ್ಯಾರಂಟಿ ಕಾರ್ಡಲ್ಲ. ಟೈಟಾನಿಯಂ ಹುಳುಕಾಗುವುದಿಲ್ಲ, ಸುತ್ತಲಿನ ವಸಡು ಹಾಳಾಗುತ್ತದೆ. ನಿಮ್ಮ ಮೇಲಿನ ಹಲ್ಲು ತಿಂದ ವಸಡಿನ ರೋಗವೇ ಇಂಪ್ಲಾಂಟನ್ನೂ ತಿನ್ನಬಲ್ಲದು. ಶುಗರ್ ಜಾಸ್ತಿ ಇದ್ದರೆ, ಹೊಗೆಸೊಪ್ಪು ಇದ್ದರೆ ಇನ್ನೂ ಬೇಗ. 8.2 ಇರುವಾಗ ನಾನಾದರೆ ಕೈಹಾಕುವುದಿಲ್ಲ. 7ರ ಆಸುಪಾಸಿಗೆ ತನ್ನಿ, ಆಮೇಲೆ ಮಾತಾಡೋಣ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಯಾವ ಹಲ್ಲಿನ ಡಾಕ್ಟರು ಹೇಳಿದರೂ ಹೃದಯದ ಡಾಕ್ಟರನ್ನು ಕೇಳಿ.

ಮುಂದೆ ಯಾವತ್ತಾದರೂ ಇಂಪ್ಲಾಂಟ್ ಹಾಕಿಸಿದರೆ ಅದರ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ. ಹತ್ತು ವರ್ಷದ ಮೇಲೆ ಒಂದು ಸ್ಕ್ರೂ ಸಡಿಲವಾದರೆ, ಯಾವ ಕಂಪನಿಯದು ಅಂತ ಗೊತ್ತಿಲ್ಲದೆ ನಾವು ಒದ್ದಾಡುತ್ತೇವೆ. ಚೆನ್ನಾಗಿ ಕೂತಿರುವ ಮೇಲಿನ ಸೆಟ್ಟನ್ನು ಈಗ ಯಾಕೆ ಮುಟ್ಟಬೇಕೋ ನನಗೆ ಅರ್ಥವಾಗಲಿಲ್ಲ.

ಶಕುನಿ_ಡೊಂಬಿವಲಿ (ನಾಲ್ಕು ತಿಂಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಎಲ್ಲರಿಗೂ ಉಪಕಾರ ಆಯಿತು.

ಡಾಕ್ಟ್ರಮ್ಮ ಹೇಳಿದ ಪ್ರಶ್ನೆಯನ್ನು ಹಾಗೇ ಗಲ್ಲಿಯ ಹಳೇ ಡಾಕ್ಟರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಾಡಬಹುದು, ಈಗ ಯಾರು ಕೇಳ್ತಾರೆ ಅಂತ ಬಿಟ್ಟುಬಿಟ್ಟಿದ್ದೆ" ಅಂದರು. ಎಕ್ಸ್‌ರೇ ತೆಗೆದರು. ಎಡಗಡೆಯ ಕೋರೆಹಲ್ಲು ಪಾಸು. ಬಲಗಡೆಯದಕ್ಕೆ ಎಲುಬು ಸ್ವಲ್ಪ ಇಳಿದಿದೆ, ಆದರೂ ನಡೆಯುತ್ತದೆ ಅಂದರು. ಅಲ್ಲಾಡುತ್ತಿದ್ದ ಎರಡು ಸಣ್ಣವನ್ನು ಕಿತ್ತರು. ಮಾತ್ರೆ ನಿಲ್ಲಿಸಲಿಲ್ಲ, ಹೃದಯದ ಡಾಕ್ಟರೇ ಬೇಡ ಅಂದರು. ಹತ್ತಿ ಕಚ್ಚಿಕೊಂಡು ಒಂದು ಗಂಟೆ ಜಾಸ್ತಿ ಕೂತೆ, ಅಷ್ಟೇ. ಎರಡು ರೂಟ್ ಕೆನಾಲ್, ಹೊಸ ಕೆಳಗಿನ ಸೆಟ್ಟು, ಎಲ್ಲ ಸೇರಿ 27,500. ಒಂಬತ್ತು ಸಲ ಹೋದೆ. ಶುಗರ್ ಈಗ 7.4. ಹೆಂಡತಿ ಬೆಲ್ಲದ ಡಬ್ಬಿಯನ್ನು ಎಲ್ಲಿಟ್ಟಿದ್ದಾಳೋ ಇನ್ನೂ ಪತ್ತೆಯಾಗಿಲ್ಲ.

ಮೇಣದ ಟ್ರಯಲ್ ದಿನ ಕುರ್ಚಿಯಲ್ಲಿ ಕೂತು ಶುರು ಮಾಡಿದೆ. "ಸೋತವರು ಸೋತೆ ಅನ್ನಬೇಕು ಸ್ವಾಮಿ." ಹೊರಗೆ ಕಾಯುತ್ತಿದ್ದ ಒಬ್ಬ ಮರಾಠಿ ಅಜ್ಜಿ ಒಳಗೆ ಜಗಳ ಆಗುತ್ತಿದೆ ಅಂದುಕೊಂಡು ಬಾಗಿಲು ತೆಗೆದು ನೋಡಿದರು. ಮೇಣದ_ಕೈ ಅವರೇ, ನೀವು ಹೇಳಿದ ಟಕ್ ಟಕ್ ಬಂತು. ಎತ್ತರ ಇಳಿಸಿ ಮತ್ತೆ ಲ್ಯಾಬಿಗೆ ಕಳಿಸಿದರು. ಎರಡನೇ ಸಲ ಸರಿಯಾಯಿತು. ಮೊದಲ ಎರಡು ವಾರ ಬಾಯಿ ತುಂಬ ಎಂಜಲು, ಒಂದು ಕಡೆ ಹುಣ್ಣು. ಹೋಗಿ ಅಲ್ಲಿ ಸ್ವಲ್ಪ ಉಜ್ಜಿಸಿಕೊಂಡು ಬಂದೆ. ದಿನಾ ಬೆಳಿಗ್ಗೆ ಪೇಪರ್ ಜೋರಾಗಿ ಓದಿದೆ, ಷೇರು ಮಾರ್ಕೆಟ್ ಪುಟ ಸಮೇತ.

ಮೊನ್ನೆ ಗೋರೆಗಾಂವ್‌ನಲ್ಲಿ ಕೂಟ ಇತ್ತು, ಪೂರ್ತಿ ಎರಡು ಗಂಟೆ. ಏಳಲಿಲ್ಲ. ಆ ಹುಡುಗ ಅಲ್ಲೂ ಬಂದಿದ್ದ. ಯಾಕೆ ಮಾಮ ತೊದಲು ಬಿಟ್ಟಿರಿ ಅಂತ ಬೇಸರ ಮಾಡಿಕೊಂಡ.

ಕೋರಿ ರೊಟ್ಟಿ ಮುಕ್ಕಾಲು ನೆಂದದ್ದು ಆಗುತ್ತದೆ. ಅರ್ಧಕ್ಕೆ ಇನ್ನೂ ಧೈರ್ಯ ಮಾಡಿಲ್ಲ.

ಕೋಥ್ರೂಡ್_ಅಕ್ಕ

ಆ 5,000 ಬಂತಾ ಮಾಮ?

ಶಕುನಿ_ಡೊಂಬಿವಲಿ

ಇನ್ನೂ ಇಲ್ಲ ತಂಗಿ. ಪ್ರತಿ ಸೋಮವಾರ ಹೋಗಿ ಅವರ ರಿಸೆಪ್ಷನ್‌ನಲ್ಲಿ ಒಂದು ಗಂಟೆ ಕೂತು ಬರುತ್ತೇನೆ. ಏಸಿ ಇದೆ, ಪೇಪರೂ ಇದೆ. ಹೊಸದಾಗಿ ಬಂದವರು ಕೇಳಿದರೆ ನನ್ನ ಕಥೆ ಹೇಳುತ್ತೇನೆ, ಸ್ವಲ್ಪ ಜೋರಾಗಿಯೇ. ಹೋದ ವಾರ ಮ್ಯಾನೇಜರು ಚಹಾ ತರಿಸಿಕೊಟ್ಟು, ಅಕೌಂಟ್ ನಂಬರ್ ಬರೆದುಕೊಂಡರು.